ಬಾಗಿಲಿಲ್ಲದ ಕಚೇರಿ

ಮನುಷ್ಯನಿಗೆ ತನ್ನ ಮನೆಯೊಳಗೆ ಬಾಗಿಲು ಹಾಕಿಕೊಳ್ಳುವ ಹಕ್ಕಿದೆಯೆ? ಪ್ರಶ್ನೆ ಹಾಸ್ಯಾಸ್ಪದವಾಗಿ ಕಾಣಬಹುದು. ಸ್ನಾನಕ್ಕೆ, ನಿದ್ದೆಗೆ, ಧ್ಯಾನಕ್ಕೆ ನಾವೆಲ್ಲರೂ ಬಾಗಿಲು ಹಾಕಿಕೊಳ್ಳುವವರೇ. ಆದರೆ ದುಡಿಮೆಗೆಂದು ಬಾಗಿಲು ಹಾಕಿಕೊಂಡು, ಒಳಗೆ ಬರಬೇಡಿರೆಂದು ಮನೆಯವರಿಗೇ ಹೇಳುವಾಗ ಅದು ಎಂತಹ ಹಕ್ಕು, ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಕೆಲವು ವರ್ಷಗಳಿಂದ ನಾನು ಯೋಚಿಸುತ್ತಾ ಬಂದಿದ್ದೇನೆ. ಯೋಚನೆಗೆ ಕಾರಣ ನನ್ನ ಒಂದು ತಪ್ಪು. ಅದನ್ನು ಹೇಳದೆ ಮುಂದುವರಿಯುವಂತಿಲ್ಲ.

ನಮ್ಮ ಮನೆ ವಾಮಂಜೂರಿನಲ್ಲಿದೆ. ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಕೆಳಗಿಳಿದರೆ ಸಿಗುವ ಹೆಂಚಿನ ಮನೆ. ನಾನು ಲೆಕ್ಕಪತ್ರದ ಕೆಲಸದವನು. ಬೆಂಗಳೂರಿನ ಕಂಪೆನಿಯೊಂದರಲ್ಲಿ ಹದಿನೈದು ವರ್ಷ ಕುಳಿತು ಬರೆದವನು. 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ? ಅದಕ್ಕೆ ನಾಲ್ಕು ದಿನ ಮೊದಲು ಹೆಂಡತಿ ಮಗಳೊಡನೆ ಊರಿಗೆ ಬಂದೆ. ಎರಡು ವಾರದ ಮಾತೆಂದು ಬಂದವನು ಇಲ್ಲಿಯೇ ಉಳಿದೆ. ತಿಂಗಳಿಗೊಮ್ಮೆ ಬಂದು ಮುಖ ತೋರಿಸಿದರೆ ಸಾಕೆಂದು ಕಂಪೆನಿಯವರೂ ಹೇಳಿದರು.

ಮನೆಯಲ್ಲಿ ಕಚೇರಿಯನ್ನು ಹೂಡುವುದು ಮೊದಮೊದಲು ಒಂದು ಆಟದಂತಿತ್ತು. ಚಾವಡಿಯ ಮೂಡು ಮೂಲೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಅಲ್ಲಿ ಮೇಜು ಬಂತು, ಬೆನ್ನು ನೋಯದ ಕುರ್ಚಿ ಬಂತು, ಕಂಪ್ಯೂಟರು ಬಂತು. ಕರೆಂಟು ಹೋದರೆ ಇರಲೆಂದು ಬ್ಯಾಟರಿ ಬಂತು. ಆ ಮೂಲೆ ಖಾಲಿಯಿದೆಯೆಂದು ನಾನು ಎಣಿಸಿದ್ದೆ. ಖಾಲಿಯಿರಲಿಲ್ಲ. ಅದು ನಲವತ್ತು ವರ್ಷಗಳಿಂದ ಅಮ್ಮ ಕುಳಿತು ಬೀಡಿ ಕಟ್ಟುತ್ತಿದ್ದ ಜಾಗ. ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಚಾಪೆ, ಮೊರ, ಕತ್ತರಿಗಳನ್ನೆತ್ತಿಕೊಂಡು ಹಿಂದಿನ ಜಗಲಿಗೆ ಹೋದಳು.

ಮಳೆಗಾಲ ಕಳೆದ ಮೇಲೆ ಆಚಾರಿಯನ್ನು ಕರೆಸಿ ಹಲಗೆಯ ಅಡ್ಡಗೋಡೆ ಹಾಕಿಸಿ ಅದಕ್ಕೊಂದು ಬಾಗಿಲಿಟ್ಟೆ. ಒಂದು ದಿನ ಮೇಲಧಿಕಾರಿಗಳೊಡನೆ ಯಂತ್ರದಲ್ಲಿ ಮಾತಾಡುತ್ತಿದ್ದಾಗ ಅಮ್ಮ ಬಾಗಿಲು ದೂಡಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ನನಗೆ ರೇಗಿತು. “ಅಮ್ಮಾ, ನಾನು ಕೆಲಸದಲ್ಲಿದ್ದೇನೆ, ಗೊತ್ತಾಗುವುದಿಲ್ಲವಾ?” ಎಂದೆ. ಅವಳು ಹಿಂದಕ್ಕೆ ಹೆಜ್ಜೆಯಿಟ್ಟು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ರಾತ್ರಿ ಊಟ ಬಡಿಸುತ್ತಾ ಕೇಳಿದಳು. ನಮ್ಮ ಮನೆಮಾತು ತುಳು, ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ಅಲ್ಲ ಮಗಾ, ನಾನು ಕೆಲಸದಲ್ಲಿದ್ದೇನೆ ಎಂದು ನಾನು ಯಾವತ್ತಾದರೂ ಹೇಳಿದ್ದುಂಟಾ? ನನಗೇ ನೆನಪಿಲ್ಲ.”

ಅದರಲ್ಲಿ ಆಕ್ಷೇಪಣೆ ಇರಲಿಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ನೆನಪು ಮಾಡಿಕೊಂಡೆ. ಅವಳು ಒಮ್ಮೆಯೂ ಹಾಗೆ ಹೇಳಿರಲಿಲ್ಲ.

ಬೀಡಿ ಕಟ್ಟುವುದು ಹೇಗೆಂಬುದು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ, ನೂಲು ತೂಕ ಮಾಡಿಸಿ ತರಬೇಕು. ಎಲೆಯನ್ನು ನೆನೆಸಿ, ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು, ತಗಡಿನ ಅಳತೆಯಿಟ್ಟು ಕತ್ತರಿಸಬೇಕು. ಪುಡಿಯಿಟ್ಟು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯಬೇಕು. ಕಟ್ಟುಗಳಾಗಿ ಎಣಿಸಿ ಮತ್ತೆ ಬ್ರಾಂಚಿಗೆ ಒಯ್ದರೆ ಅಲ್ಲಿ ನೋಡಿ ಕೆಟ್ಟದ್ದನ್ನು ತೆಗೆದು ಬಿಸಾಡುತ್ತಾರೆ. ಉಳಿದುದಕ್ಕೆ ಸಾವಿರದ ಲೆಕ್ಕದಲ್ಲಿ ಮಜೂರಿ. ಅಮ್ಮ ಈ ಕೆಲಸವನ್ನು ನನಗೆ ಮಗ್ಗಿ ಒಪ್ಪಿಸುವಂತೆ ಹೇಳುತ್ತಾ, ತಂಗಿಯ ಜಡೆ ಹಾಕುತ್ತಾ, ಒಲೆಯ ಮೇಲಿನ ಗಂಜಿಯ ಸದ್ದಿಗೆ ಕಿವಿಗೊಟ್ಟುಕೊಂಡು ಮಾಡಿದಳು. ನೆಂಟರು ಬಂದರೆ ಮೊರವನ್ನು ಪಕ್ಕಕ್ಕಿಟ್ಟು ಏಳುತ್ತಿದ್ದಳು, ಅವರು ಹೋದ ಮೇಲೆ ದೀಪದ ಬೆಳಕಿನಲ್ಲಿ ಉಳಿದ ಇನ್ನೂರನ್ನು ಮುಗಿಸುತ್ತಿದ್ದಳು. ಬೀಡಿ ಸೇದಿದವನ ಎದೆಗೂ ಕಟ್ಟಿದವಳ ಎದೆಗೂ ಒಳ್ಳೆಯದಲ್ಲವೆಂಬುದನ್ನು ಮರೆತು ನಾನು ಇದನ್ನು ಹೊಗಳುತ್ತಿಲ್ಲ. ನಾನು ತಿಂದ ಅನ್ನ ಅದರಿಂದ ಬಂದದ್ದು ಎಂಬುದಷ್ಟೇ ನಿಜ.

ಶಾಲೆಗೆ ಸೇರುವಾಗ ತಾಯಿಯ ಉದ್ಯೋಗವೆಂಬ ಕಡೆ ಮಾಸ್ತರರು “ಗೃಹಕೃತ್ಯ” ಎಂದು ಬರೆದುಕೊಂಡರು. ಮುಂದೆ ಬೀಡಿ ಕಾರ್ಮಿಕರ ಮಕ್ಕಳಿಗೆ ಸರಕಾರ ಕೊಡುವ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅದೇ ತಾಯಿಯ ಉದ್ಯೋಗವನ್ನು “ಬೀಡಿ ಕಾರ್ಮಿಕೆ” ಎಂದು ನಾನೇ ಬರೆದೆ. ಎರಡೂ ಕಾಗದಗಳು ಒಂದೇ ಪೆಟ್ಟಿಗೆಯಲ್ಲಿದ್ದವು. ಅವುಗಳ ನಡುವಿನ ವಿರೋಧ ಲೆಕ್ಕಪತ್ರ ಕಲಿತ ನನಗೂ ಆಗ ಕಾಣಲಿಲ್ಲ.

ಕಾನೂನಿಗೆ ಮಾತ್ರ ಅದು ನನಗಿಂತ ಮೊದಲೇ ಕಂಡಿತ್ತು. 1966ರ ಬೀಡಿ ಮತ್ತು ಸಿಗಾರು ಕಾರ್ಮಿಕರ ಕಾಯಿದೆಯು ಮನೆಯಲ್ಲಿ ಕುಳಿತು ಕಟ್ಟುವವಳನ್ನೂ ಕಾರ್ಮಿಕಳೆಂದೇ ಕರೆಯಿತು. ಅದನ್ನು ಪ್ರಶ್ನಿಸಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊದಲಾದ ಉದ್ದಿಮೆಗಳು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. 1974ರಲ್ಲಿ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಭವಿಷ್ಯನಿಧಿಯ ಮೊಕದ್ದಮೆಯೊಂದರಲ್ಲಿ ಅದೇ ನ್ಯಾಯಾಲಯ ಇನ್ನೊಂದು ಸೂಕ್ಷ್ಮವನ್ನು ತೋರಿಸಿತು. ಮನೆಯಲ್ಲಿ ಕಟ್ಟುವವಳ ಮೇಲೆ ಯಜಮಾನನ ಮೇಲ್ವಿಚಾರಣೆ ಎಲ್ಲಿದೆ ಎಂಬುದು ಪ್ರಶ್ನೆ. ಆತ ಅವಳ ಮನೆಗೆ ಬಂದು ನಿಲ್ಲಬೇಕಾಗಿಲ್ಲ. ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಳ್ಳಿಹಾಕುವ ಅಧಿಕಾರವಿದ್ದರೆ ಸಾಕು, ಅದೇ ಮೇಲ್ವಿಚಾರಣೆ ಎಂಬುದು ತೀರ್ಪಿನ ತಾತ್ಪರ್ಯ. ಇದನ್ನು ಓದಿದಾಗ ನನಗೆ ನನ್ನ ಕೋಣೆಯೇ ಕಣ್ಣಿಗೆ ಕಟ್ಟಿತು. ಅಲ್ಲಿಯೂ ಯಾರೂ ನಿಂತಿಲ್ಲ. ಆದರೂ ಬರೆದು ಕಳುಹಿಸಿದ ಲೆಕ್ಕ ಮರಳಿ ಬಂದೀತೆಂಬ ಅಂಜಿಕೆಯೊಂದು ಕುರ್ಚಿಯ ಬೆನ್ನಿಗೆ ಸದಾ ನಿಂತಿರುತ್ತದೆ. ಯಜಮಾನನಿಗೆ ಮನೆಯನ್ನು ಪ್ರವೇಶಿಸಲು ಬಾಗಿಲು ಬೇಡ.

ಆದರೆ ಆ ಕಾಯಿದೆಯೂ ಒಂದು ಹೊಸಿಲಿನಲ್ಲಿ ನಿಂತುಬಿಟ್ಟಿತ್ತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿಯನ್ನೂ, ಸಂಜೆ 7ರ ಮೇಲೆ ಹೆಂಗಸರನ್ನು ದುಡಿಸಬಾರದೆಂಬ ನಿಯಮವನ್ನೂ ಅದು ಕೈಗಾರಿಕೆಯ ಆವರಣಕ್ಕೆ ವಿಧಿಸಿತು. ವಾಸದ ಮನೆಯನ್ನು ಆವರಣದ ಲೆಕ್ಕದಿಂದ ಹೊರಗಿಟ್ಟಿತು. ಈಗ ಅದು 2020ರ ಕಾರ್ಮಿಕ ಸಂಹಿತೆಯಲ್ಲಿ ಸೇರಿಹೋಗಿದೆ. ಅಮ್ಮನ ದುಡಿಮೆಯ ಕಾಲದಲ್ಲಿ ಅವಳ ಮಜೂರಿಗೆ, ರಜೆಗೆ ಕಾನೂನು ಇತ್ತು. ಅವಳ ರಾತ್ರಿಗೆ ಇರಲಿಲ್ಲ. ಇದ್ದರೂ ಗಡಿಯಾರ ನೋಡುವವರು ಯಾರು?

ಮನೆಯೂ ದುಡಿಮೆಯೂ ಬೇರೆಯಾದದ್ದು ಬಹಳ ಹಳೆಯ ಸಂಗತಿಯೇನೂ ಅಲ್ಲ. ನೇಕಾರನ ಮಗ್ಗ, ಕುಂಬಾರನ ತಿಗರಿ ಮನೆಯಂಗಳದಲ್ಲಿಯೇ ಇದ್ದವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಹೂಡಿದರು. ಅಂತಹ ಕಾರ್ಖಾನೆಗಳು ಬೆಳೆದಂತೆ ನಮ್ಮ ಕಡೆಯ ಜನ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟು ಹೊರಡಲು ಕಲಿತರು. ಹೊರಟವನು ಸಂಜೆ ಮರಳುತ್ತಾನೆ. ಮರಳಿದ ಮೇಲೆ ಅವನು ಮನೆಯವನು. ಈ ಏರ್ಪಾಡಿನಲ್ಲಿ ಕಷ್ಟ ಬಹಳವಿದ್ದಿತು, ಆದರೆ ದುಡಿಮೆಗೊಂದು ಕೊನೆಯೂ ಇದ್ದಿತು. ಮನೆಯಲ್ಲಿಯೇ ಉಳಿದು ದುಡಿದ ಹೆಂಗಸಿಗೆ ಆ ಕೊನೆ ಸಿಗಲಿಲ್ಲ. ಹೊರಟು ಹೋಗದಿದ್ದುದರಿಂದ ಅವಳು ದುಡಿಯುತ್ತಿದ್ದಾಳೆಂದೇ ಯಾರಿಗೂ ತೋರಲಿಲ್ಲ.

ನನ್ನ ಸ್ನೇಹಿತರೊಬ್ಬರೊಡನೆ ಈ ಮಾತನ್ನೆತ್ತಿದೆ. ಅವರೆಂದರು: “ಹಾಗಾದರೆ ಬಾಗಿಲು ಒಳ್ಳೆಯದೇ ಆಯಿತಲ್ಲ! ಬಾಗಿಲಿಲ್ಲದ್ದರಿಂದಲೇ ನಿಮ್ಮ ತಾಯಿಗೆ ಬಿಡುವಿರಲಿಲ್ಲ. ನೀವು ಹಾಕಿಕೊಂಡಿರಿ, ಸಂಜೆ ತೆರೆದು ಹೊರಗೆ ಬರುತ್ತೀರಿ. ಅದರಲ್ಲಿ ತಪ್ಪೇನು?”

ಮಾತಿನಲ್ಲಿ ಸತ್ಯವಿದೆ. ಚಿತ್ತವೊಂದೇ ಕಡೆ ನಿಲ್ಲಬೇಕಾದ ಕೆಲಸಕ್ಕೆ ಏಕಾಂತ ಬೇಕು, ಕೆಲಸ ಮುಗಿಯಿತೆಂದು ಮನಸ್ಸಿಗೆ ತಿಳಿಯುವುದಕ್ಕೂ ಒಂದು ಗುರುತು ಬೇಕು. ಆದ್ದರಿಂದ ಬಾಗಿಲು ಪಾಪವಲ್ಲ. ಆದರೆ ಹಲಗೆಯ ಬಾಗಿಲು ತಾನಾಗಿ ಮೌನವನ್ನು ಹುಟ್ಟಿಸುವುದಿಲ್ಲ. ಮಗಳು ಪಿಸುಮಾತಿನಲ್ಲಿ ಆಡುವುದು, ಹೆಂಡತಿ ಮಿಕ್ಸಿಯನ್ನು ಹಿಂದಿನ ಜಗಲಿಗೆ ಒಯ್ಯುವುದು, ಅಮ್ಮ ಕೆಮ್ಮು ಬಂದರೆ ಅಂಗಳಕ್ಕಿಳಿಯುವುದು, ಇವೆಲ್ಲ ಸೇರಿ ನನ್ನ ಏಕಾಂತವಾಗುತ್ತದೆ. ನನ್ನ ಸಂಬಳದ ಚೀಟಿಯಲ್ಲಿ ಅವರ ಹೆಸರಿಲ್ಲ. ನಾನು ತಪ್ಪಿದ್ದು ಬಾಗಿಲು ಹಾಕಿದ್ದರಲ್ಲಲ್ಲ. ಬಾಗಿಲ ಒಳಗಿರುವುದು ಕೆಲಸ, ಹೊರಗಿರುವುದು ಬಿಡುವು ಎಂದು ತಿಳಿದದ್ದರಲ್ಲಿ ತಪ್ಪಿದೆ. ಇನ್ನೊಬ್ಬರು ಕೊಟ್ಟ ಮೌನವನ್ನು ನನ್ನ ಹಕ್ಕೆಂದು ಭಾವಿಸಿ, ಕೊಟ್ಟವಳ ಮೇಲೆಯೇ ರೇಗಿದೆ.

ಇನ್ನೊಂದು ಸಂಗತಿಯನ್ನು ಆಮೇಲೆ ಗಮನಿಸಿದೆ. ನಾನು ಕಚೇರಿ ಹೂಡಿದ ಆ 2020ರ ಬೇಸಿಗೆಯಲ್ಲಿಯೇ ಬ್ರಾಂಚು ಮುಚ್ಚಿ, ಎಲೆ ಹೊಗೆಸೊಪ್ಪು ಬಾರದೆ ಅಮ್ಮನ ಕೆಲಸ ನಿಂತುಹೋಗಿತ್ತು. ಒಂದೇ ಮನೆಯಲ್ಲಿ ಒಂದು ಕಚೇರಿ ತೆರೆಯಿತು, ಒಂದು ಮುಚ್ಚಿತು. ತೆರೆದದ್ದನ್ನು ಊರವರೆಲ್ಲ ವಿಚಾರಿಸಿದರು. ಮುಚ್ಚಿದ್ದನ್ನು ಮಗನಾದ ನಾನೂ ವಿಚಾರಿಸಲಿಲ್ಲ. ಅವಳು ಸ್ವಲ್ಪ ವಿಶ್ರಾಂತಿ ಪಡೆಯುತ್ತಿದ್ದಾಳೆಂದು ಸಂತೋಷಪಟ್ಟೆ. ಆ ವಾರಗಳಲ್ಲಿ ಅವಳ ಕೈಗೆ ತನ್ನದೆನ್ನುವ ಒಂದು ಕಾಸು ಬಂದಿರಲಿಲ್ಲ. ಮಜ್ಜಿಗೆಯ ಲೋಟ ಮಾತ್ರ ತಪ್ಪಿರಲಿಲ್ಲ.

ಬ್ರಾಂಚು ಮತ್ತೆ ತೆರೆಯಿತು, ಅವಳು ಮತ್ತೆ ಕಟ್ಟಿದಳು. ಈಗ ಕಣ್ಣು ಸಾಲದೆ ಬಿಟ್ಟಿದ್ದಾಳೆ. ನಾನು ಮೇಜನ್ನು ಹಿಂದಿನ ಕೋಣೆಗೆ ಸಾಗಿಸಿ ಚಾವಡಿಯ ಮೂಲೆಯನ್ನು ತೆರವು ಮಾಡಿಕೊಡುತ್ತೇನೆಂದೆ. “ನನಗೀಗ ಆ ಮೂಲೆ ಯಾಕೆ ಮಗಾ? ನೀನೇ ಕೂತುಕೋ” ಎಂದಳು. ಕೊಡಬೇಕಾದ ಕಾಲದಲ್ಲಿ ಕೊಡದುದನ್ನು ಬೇಡವಾದ ಕಾಲದಲ್ಲಿ ಕೊಡಹೊರಟಿದ್ದೆ.

ಈಚೆಗೆ ನಾನು ಬಾಗಿಲು ಹಾಕುವುದು ಕಡಿಮೆ. ಮೇಲಧಿಕಾರಿಗಳೊಡನೆ ಮಾತಿದ್ದಾಗ ಮಾತ್ರ, ಅದೂ ಮನೆಯವರಿಗೆ ಹೇಳಿ ಹಾಕುತ್ತೇನೆ. ಉಳಿದ ಹೊತ್ತು ಅದು ಪೂರ್ತಿ ತೆರೆದಿರುತ್ತದೆ. ಆದರೂ ಅಮ್ಮ ಒಳಗೆ ಕಾಲಿಡುವುದಿಲ್ಲ. ಲೋಟ ಹಿಡಿದು ಹೊಸಿಲಿನಾಚೆ ನಿಂತು, “ಒಳಗೆ ಬರಬಹುದಾ ಮಗಾ?” ಎಂದು ಕೇಳುತ್ತಾಳೆ. ಬೇಕೆನಿಸಿದರೆ ನಾಳೆಯೇ ಆಚಾರಿಯನ್ನು ಕರೆಸಿ ಬಾಗಿಲನ್ನು ಕಳಚಿಸಬಲ್ಲೆ. ಆ ಪ್ರಶ್ನೆಯನ್ನು ಅವಳ ಬಾಯಿಂದ ಕಳಚುವುದು ಹೇಗೆಂಬುದು ನನಗಿನ್ನೂ ತಿಳಿದಿಲ್ಲ.