ಹಳೆಯ ಕಂಪ್ಯೂಟರ್: ಎಂಜಲೋ, ಪಂಸುಕೂಲವೋ?

*ದಿನದ ಚಿಂತನೆ*



ಬೇರೆಯವರು ಬೇಡವೆಂದು ಬಿಟ್ಟ ವಸ್ತುವನ್ನು ನಾವು ಮನೆಗೆ ತರಬಹುದೇ? ಕೇಳಲು ಸಣ್ಣ ಪ್ರಶ್ನೆ. ನಮ್ಮ ಜನಕ್ಕೆ ಮಾತ್ರ ಇದು ಸಣ್ಣದಲ್ಲ.

ಪ್ರಶ್ನೆ ಹುಟ್ಟಿದ್ದು ಹೀಗೆ. ಹೊಸದುರ್ಗದ ನಮ್ಮ ಉಪಾಸಕರೊಬ್ಬರ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಬೆಂಗಳೂರಿನಲ್ಲಿ ಒಂದು ಡಿಟಿಪಿ ಅಂಗಡಿ ಮುಚ್ಚುವಾಗ ಗುಜರಿಗೆ ಹೊರಟಿದ್ದ ಪವರ್ ಮ್ಯಾಕ್ ಜಿ4 ಕಂಪ್ಯೂಟರನ್ನು ಕೇಳಿ ಪಡೆದು ಬಸ್ಸಿನಲ್ಲಿ ಊರಿಗೆ ತಂದ. ಅದಕ್ಕೆ ಲಿನಕ್ಸ್ ಹಾಕಿ ಕೆಲಸಕ್ಕೆ ಬರುವಂತೆ ಮಾಡಿದ. ಹೊಳಲ್ಕೆರೆಯ ಸಭೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಮೇಷ್ಟ್ರೆ, ಅವರು ಉಟ್ಟು ಬಿಟ್ಟದ್ದನ್ನ ಉಡಲ್ಲ ಅಂತ ಎದ್ದು ಬಂದೋರು ನಾವು. ಈಗ ಕಂಪ್ಯೂಟರ್ ಮಾತ್ರ ಅವರು ಬಿಟ್ಟಿದ್ದೇ ಆಗಬೇಕಾ?" ಎಂದರು. ಯಾರೂ ನಗಲಿಲ್ಲ.

ನಗುವ ಮಾತೂ ಅಲ್ಲ. ಶೂದ್ರ ಸೇವಕನಿಗೆ ಏನು ಕೊಡಬೇಕೆಂದು ಮನುಸ್ಮೃತಿಯ 10ನೇ ಅಧ್ಯಾಯ ಹೇಳುತ್ತದೆ: ಉಂಡುಳಿದ ಅನ್ನ, ಹಳೆ ಬಟ್ಟೆ, ಜೊಳ್ಳು ಕಾಳು, ಹಳೆ ಮನೆಸಾಮಾನು. ಚಂಡಾಲರಿಗೋ ಹೆಣದ ಮೇಲಿನ ಬಟ್ಟೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಸುಟ್ಟದ್ದು ಈ ಗ್ರಂಥವನ್ನೇ. ಹಬ್ಬದ ಮಾರನೆಯ ದಿನ ದೊಡ್ಡ ಮನೆಗಳ ಹಿತ್ತಿಲಲ್ಲಿ ತಂಗಳಿಗೆ ಸೆರಗೊಡ್ಡಿ ನಿಂತ ಅಜ್ಜಿಯರು ನಮ್ಮಲ್ಲಿ ಅನೇಕರ ಮನೆಗಳಲ್ಲಿದ್ದರು. ಹಾಗಾಗಿ "ಹಳೆಯದಾದರೇನು, ನಡೆಯುತ್ತಲ್ಲ" ಎಂಬ ಉತ್ತರ ಆ ಹಿರಿಯರಿಗೆ ಸಾಲದು.

ಮೊದಲು ಆ ಯಂತ್ರ ಏಕೆ ಗುಜರಿಗೆ ಹೊರಟಿತ್ತು ನೋಡೋಣ. ಕೆಟ್ಟುಹೋಗಿತ್ತು ಎಂದಲ್ಲ. ಅದರೊಳಗಿನ ಪವರ್‌ಪಿಸಿ ಪ್ರೊಸೆಸರ್, 1991ರಲ್ಲಿ ಆಪಲ್, ಐಬಿಎಂ, ಮೊಟೊರೊಲಾ ಕಂಪನಿಗಳು ಕೈಜೋಡಿಸಿ ರೂಪಿಸಿದ ಬಗೆಯದು. 2005ರಲ್ಲಿ ಆಪಲ್ ತಾನು ಇಂಟೆಲ್ ಪ್ರೊಸೆಸರ್‌ಗೆ ಬದಲಾಗುವುದಾಗಿ ಘೋಷಿಸಿತು. 2009ರಲ್ಲಿ ಅದು ತಂದ ಹೊಸ ಆಪರೇಟಿಂಗ್ ಸಿಸ್ಟಂ ಪವರ್‌ಪಿಸಿ ಯಂತ್ರಗಳಲ್ಲಿ ನಡೆಯಲೇ ಇಲ್ಲ. ಕ್ರಮೇಣ ಹೊಸ ಸಾಫ್ಟ್‌ವೇರ್ ಬರುವುದು ನಿಂತಿತು, ಭದ್ರತೆಯ ತಿದ್ದುಪಡಿಗಳೂ ನಿಂತವು. ಯಂತ್ರ ಗಟ್ಟಿಯಾಗಿಯೇ ಇತ್ತು. ಅದರ ಕಾಲ ಮುಗಿಯಿತೆಂದು ಬೇರೆಯವರು ತೀರ್ಮಾನಿಸಿದ್ದರು.

ಅದೇ ಪವರ್‌ಪಿಸಿ ಸಾಲಿನ ಇನ್ನೊಂದು ಪ್ರೊಸೆಸರ್ ಈಗ ಎಲ್ಲಿದೆ ಗೊತ್ತೇ? ಮಂಗಳ ಗ್ರಹದಲ್ಲಿ. 2021ರ ಫೆಬ್ರವರಿಯಲ್ಲಿ ಅಲ್ಲಿಗೆ ಇಳಿದ ನಾಸಾದ ಪರ್ಸಿವಿಯರೆನ್ಸ್ ರೋವರ್‌ನಲ್ಲಿರುವುದು ವಿಕಿರಣ ತಾಳುವಂತೆ ಮಾಡಿದ ರ್‍ಯಾಡ್750. 1998ರ ಐಮ್ಯಾಕ್‌ನಲ್ಲಿದ್ದ ಪವರ್‌ಪಿಸಿ 750 ಅದರ ಮೂಲ. ಯೋಗ್ಯತೆಯನ್ನು ಹುಟ್ಟು ನೋಡಿ ತೀರ್ಮಾನಿಸಬಾರದೆಂಬುದು ನಮಗೆ ಹೊಸ ಪಾಠವೇನಲ್ಲ.

ಇನ್ನು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಕೆಲಸ ಅದು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಡೆಬಿಯನ್ ಎಂಬ ಲಿನಕ್ಸ್ ಬಳಗ ಕೂಡ 2017ರ ಆವೃತ್ತಿಯಿಂದ ಹಳೆಯ 32 ಬಿಟ್ ಪವರ್‌ಪಿಸಿಯನ್ನು ತನ್ನ ಅಧಿಕೃತ ಪಟ್ಟಿಯಿಂದ ಕೈಬಿಟ್ಟಿತು. ಆದರೆ ಬಾಗಿಲು ಮುಚ್ಚಲಿಲ್ಲ. ಮೂಲ ಬರಹ ತೆರೆದೇ ಇದ್ದುದರಿಂದ ಕೆಲವು ಸ್ವಯಂಸೇವಕರು 'ಡೆಬಿಯನ್ ಪೋರ್ಟ್ಸ್' ಹೆಸರಿನಲ್ಲಿ ಆ ಕೆಲಸವನ್ನು ಮುಂದುವರಿಸಿದರು. ಹೊಸದುರ್ಗದ ಹುಡುಗ ಅದನ್ನೇ ಸಿ.ಡಿ.ಗೆ ಬರೆದುಕೊಂಡು, ಕೀಬೋರ್ಡಿನ 'ಸಿ' ಕೀ ಒತ್ತಿ ಹಿಡಿದು ಯಂತ್ರ ಆನ್ ಮಾಡಿದ. ಕನ್ನಡದ ಜಾಗದಲ್ಲಿ ಬರೀ ಚೌಕಗಳು ಕಾಣುತ್ತಿದ್ದ ಪರದೆಯಲ್ಲಿ, ಅರವಿಂದ ವಿ.ಕೆ. ರೂಪಿಸಿ ಮುಕ್ತವಾಗಿ ಹಂಚಿದ 'ಗುಬ್ಬಿ', 'ನವಿಲು' ಫಾಂಟುಗಳಲ್ಲಿ ಅಕ್ಷರ ಮೂಡಿತು. ವಿಡಿಯೋ ತಡವರಿಸುತ್ತದೆ, ಇಂದಿನ ಭಾರದ ವೆಬ್‌ಸೈಟುಗಳು ತೆರೆದುಕೊಳ್ಳಲು ಬಹಳ ಹೊತ್ತು ಬೇಕು. ಟೈಪಿಂಗ್‌ಗೆ, ಲೆಕ್ಕಕ್ಕೆ, ಪ್ರೋಗ್ರಾಂ ಬರೆಯುವುದನ್ನು ಕಲಿಯಲಿಕ್ಕೆ ಏನೂ ಅಡ್ಡಿಯಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಭಿಕ್ಖುಗಳ ಪಂಸುಕೂಲ ಚೀವರದ ಬಗ್ಗೆ ನಾವು ಓದಿದ್ದೇವೆ. ಕಸದ ಗುಡ್ಡೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಅರಿವೆಯನ್ನು ಆಯ್ದು, ಒಗೆದು, ಕತ್ತರಿಸಿ, ಹೊಲಿದು, ಬಣ್ಣ ಹಾಕಿ ಹೊದೆಯುತ್ತಿದ್ದರು. ಚಂಡಾಲನಿಗೆ ಮನು ಹೇಳಿದ್ದೂ ಸ್ಮಶಾನದ ಬಟ್ಟೆಯೇ. ಬಟ್ಟೆ ಒಂದೇ ಆದರೂ ಒಂದು ಅವಮಾನ, ಇನ್ನೊಂದು ಚೀವರ. ವ್ಯತ್ಯಾಸ ಎಲ್ಲಿದೆ?

ನನಗೆ ಕಾಣುವುದು ಇಷ್ಟು. ಎಂಜಲಿನಲ್ಲಿ ತೀರ್ಮಾನವೆಲ್ಲ ಕೊಡುವವನದು. ಏನು, ಎಷ್ಟು, ಯಾವಾಗ ಎಂಬುದನ್ನು ಅವನೇ ಹೇಳುತ್ತಾನೆ. ಪಡೆಯುವವನು ತಲೆ ತಗ್ಗಿಸಬೇಕು. ಪಂಸುಕೂಲದಲ್ಲಿ ಆಯ್ಕೆ ಭಿಕ್ಖುವಿನದು, ಸೂಜಿಯೂ ಅವನ ಕೈಯಲ್ಲೇ. ನಮ್ಮ ತಾಯಂದಿರು ಹರಿದ ಸೀರೆಗಳಿಂದ ಹೊಲಿದ ಕೌದಿಯನ್ನು ಯಾರೂ ಎಂಜಲು ಎನ್ನುವುದಿಲ್ಲ. ಹಾಗೆಯೇ, ತೆರೆಯಲಾಗದ, ತಿದ್ದಲಾಗದ ಸಾಫ್ಟ್‌ವೇರಿನೊಂದಿಗೆ ಯಾರೋ ಫೋಟೋ ತೆಗೆಸಿಕೊಂಡು ಕೊಡುವ ಹೊಸ ಕಂಪ್ಯೂಟರಿನಲ್ಲೂ ಎಂಜಲಿನ ಗುಣ ಇರಬಹುದು. ತಾನೇ ಆರಿಸಿ, ಒಳಗನ್ನು ಅರಿತು, ಪಕ್ಕದವರಿಗೂ ಕಲಿಸಬಲ್ಲ ಹಳೆಯ ಯಂತ್ರ ಕೌದಿಯಂತೆ ನಮ್ಮದೇ ಆಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಭಿಕ್ಖುಗಳೆಲ್ಲ ಬದುಕಿರುವವರೆಗೂ ಪಂಸುಕೂಲವನ್ನೇ ಉಡಬೇಕೆಂಬ ನಿಯಮ ಮಾಡಿ ಎಂದು ದೇವದತ್ತ ಕೇಳಿದ. ಭಗವಾನರು ಒಪ್ಪಲಿಲ್ಲ. ಜೀವಕ ವೈದ್ಯ ಒಳ್ಳೆಯ ಬಟ್ಟೆ ಅರ್ಪಿಸಿದಾಗ, ಬೇಕಾದವರು ಪಂಸುಕೂಲ ಉಡಲಿ, ಬೇಕಾದವರು ಗೃಹಸ್ಥರು ಕೊಟ್ಟ ಚೀವರ ಉಡಲಿ ಎಂದು ಅನುಮತಿಸಿದ್ದರು. ಆಯ್ಕೆ ಹೋದ ಕ್ಷಣ ಪಂಸುಕೂಲವೂ ಶಿಕ್ಷೆಯೇ. "ಕೇರಿಯ ಮಕ್ಕಳಿಗೆ ಹಳೆಯದೇ ಸಾಕು" ಎಂದು ಯಾವ ಅಧಿಕಾರಿಯಾದರೂ ಹೇಳಿದರೆ ನಾವು ಒಪ್ಪಬೇಕಿಲ್ಲ. ಹಿರಿಯೂರಿನ ಸರ್ಕಾರಿ ಶಾಲೆಯ ಮಗುವಿಗೆ ಹೊಸ ಕಂಪ್ಯೂಟರ್ ಲ್ಯಾಬ್ ಕೇಳುವ ಹಕ್ಕಿದೆ, ಅದನ್ನು ಕೇಳಲೇಬೇಕು.

ಲಿನಕ್ಸ್ ಎಂದರೆ ಬಡವರ ಪಾಲಿನ ಎರಡನೇ ದರ್ಜೆಯ ಸಾಮಾನೆಂದೂ ತಿಳಿಯಬೇಡಿ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಅದರಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಾರೆ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಸ್ವಯಂಸೇವಕರು ನಡೆಸಿದ ಕಂಪ್ಯೂಟರ್ ಕೇಂದ್ರಕ್ಕೆ ಬಾಬಾಸಾಹೇಬರ ಹೆಸರೇ ಇದೆ. ಅಲ್ಲಿನ ಮಕ್ಕಳು 'ಗಿಂಪ್' ಎಂಬ ಮುಕ್ತ ತಂತ್ರಾಂಶದಲ್ಲಿ ಚಿತ್ರ ಬರೆಯಲು ಕಲಿತರು.

ಕೊನೆಗೆ ಒಂದು ಮಾತು. ಎಲ್ಲವೂ ಅನಿತ್ಯ, ಹೊಸದುರ್ಗದ ಆ ಯಂತ್ರವೂ ಒಂದು ದಿನ ನಿಲ್ಲುತ್ತದೆ. ಆಗ ಅದನ್ನು ಒಡೆದು, ವೈರು ಸುಟ್ಟು ತಾಮ್ರ ತೆಗೆಯುವ, ಆ ಹೊಗೆ ಕುಡಿಯುವ ಕೈಗಳು ಹೆಚ್ಚಾಗಿ ನಮ್ಮಂಥವರ ಮನೆಯವೇ. ಒಂದು ಯಂತ್ರ ಐದು ವರ್ಷ ಹೆಚ್ಚು ದುಡಿದರೆ ಆ ಹೊಗೆ ಐದು ವರ್ಷ ದೂರ ಹೋಗುತ್ತದೆ. ಇದೂ ಕರುಣೆಯ ಲೆಕ್ಕಕ್ಕೇ ಸೇರುತ್ತದೆ.

ಇಂದು ನಿಮ್ಮ ಮನೆಯಲ್ಲಿರುವ, ಯಾರೋ ಕೊಟ್ಟ ಒಂದು ವಸ್ತುವನ್ನು ನೋಡಿ. ಅದರ ಸೂಜಿ ಯಾರ ಕೈಯಲ್ಲಿದೆ ಎಂದು ಯೋಚಿಸಿ, ಬಳಗದಲ್ಲಿ ಹಂಚಿಕೊಳ್ಳಿ.

ಭವತು ಸಬ್ಬ ಮಂಗಲಂ. ಜೈಭೀಮ್.