ಚೀಟಿ ಹರಿದರೆ ಸಾಕು

ಭದ್ರಾವತಿಯ ಕ್ವಾರ್ಟರ್ಸ್ ಮನೆಗಳ ಹಿತ್ತಿಲಿರಲಿ, ಶಿವಮೊಗ್ಗದ ವಿನೋಬನಗರದ ಕಾಂಪೌಂಡ್ ಮೂಲೆಯಿರಲಿ, ಯಾರೂ ನೆಡದೆ ತಾನಾಗಿ ಎದ್ದ ಪಪ್ಪಾಯ ಗಿಡ ಒಂದಾದರೂ ಕಣ್ಣಿಗೆ ಬೀಳುತ್ತದೆ. ಕೆಲವು ಗಿಡಗಳ ಸುಳಿ ಮುರುಟಿರುತ್ತದೆ. ಹೊಸ ಎಲೆ ಅಗಲವಾಗದೆ ಎಳೆಎಳೆಯಾಗಿ ಸೊರಗಿರುತ್ತದೆ, ಕಾಯಿಯ ಮೈಮೇಲೆ ಉಂಗುರದ ಗುರುತುಗಳಿರುತ್ತವೆ. ಇದು ಉಂಗುರ ಚುಕ್ಕೆ ರೋಗ, ಸಸ್ಯಹೇನು ಹೊತ್ತು ತರುವ ವೈರಸ್ಸಿನ ಕೆಲಸ. ಆ ಗಿಡದ ಎಲೆಯೊಂದನ್ನು ಬೆಳಕಿಗೆ ಹಿಡಿದರೆ ಹಳದಿಯ ನಡುವೆ ಅಲ್ಲಲ್ಲಿ ಕಡುಹಸಿರು ತೇಪೆಗಳು ಕಾಣುತ್ತವೆ. ಅವನ್ನೂ ರೋಗದ ಲೆಕ್ಕಕ್ಕೇ ಸೇರಿಸುತ್ತೇವೆ. ಆದರೆ ಇದೇ ಕುಲದ ವೈರಸ್ ತಗಲಿದ ಬೇರೆ ಗಿಡಗಳನ್ನು ಪರೀಕ್ಷಿಸಿದಾಗ ಗೊತ್ತಾದದ್ದೇ ಬೇರೆ. ಅಂಥ ಹಸಿರು ತೇಪೆಗಳಲ್ಲಿ ವೈರಸ್ ಹೆಚ್ಚುಕಡಿಮೆ ಇರಲೇ ಇಲ್ಲ. ಅಷ್ಟು ಜಾಗದಲ್ಲಿ ಗಿಡ ಅದರ ಬಾಯಿ ಕಟ್ಟಿತ್ತು.

ಹೇಗೆ ಕಟ್ಟಿತು ಎನ್ನುವುದನ್ನು ಕಾರ್ಖಾನೆ ಕಂಡ ಊರಿಗೆ ವಿವರಿಸುವುದು ಕಷ್ಟವಲ್ಲ. ಯಂತ್ರದ ಮೂಲ ನಕ್ಷೆ ಆಫೀಸಿನ ಬೀರುವಿನಲ್ಲಿ ಭದ್ರವಾಗಿರುತ್ತದೆ. ಕೆಲಸಗಾರನ ಕೈಗೆ ಬರುವುದು ಅದರಿಂದ ನಕಲಾದ ಒಂದು ಚೀಟಿ. ಜೀವಕೋಶದಲ್ಲಿ ನಕ್ಷೆ ಎಂದರೆ ಡಿಎನ್‌ಎ, ಚೀಟಿ ಎಂದರೆ ಆರ್‌ಎನ್‌ಎ, ಚೀಟಿ ನೋಡಿ ತಯಾರಾಗುವ ಮಾಲು ಪ್ರೋಟೀನು. ಒಂದು ಮಾಲು ಬೇಡವೆಂದಾದರೆ ಬೀರು ಒಡೆದು ನಕ್ಷೆ ಸುಡಬೇಕಿಲ್ಲ, ದಾರಿಯಲ್ಲೇ ಚೀಟಿ ಹರಿದರೆ ಸಾಕು. ಜೀನ್ ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ನಡೆಯುವುದಿಲ್ಲ.

ಯಾವ ಚೀಟಿ ಹರಿಯಬೇಕೆಂದು ಕೋಶಕ್ಕೆ ತಿಳಿಯುವ ಬಗೆ ಸೊಗಸಾದದ್ದು. ಕೋಶದ ಸ್ವಂತ ಸಂದೇಶಗಳು ಸಾಮಾನ್ಯವಾಗಿ ಒಂಟಿ ಎಳೆಯವು. ಪಪ್ಪಾಯಕ್ಕೆ ತಗಲುವಂಥ ಆರ್‌ಎನ್‌ಎ ವೈರಸ್ ತನ್ನನ್ನು ತಾನು ನಕಲಿಸಿಕೊಳ್ಳುವಾಗ ಜೋಡಿ ಎಳೆಯ ಆರ್‌ಎನ್‌ಎ ಹುಟ್ಟುತ್ತದೆ. ಅದು ಕಂಡೊಡನೆ ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ ತುಣುಕುಗಳಾಗಿ ಕೊಚ್ಚುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಅಂಥ ಒಂದು ತುಣುಕಿನ ಒಂದೆಳೆಯನ್ನು ಹಿಡಿದು ಕೋಶವೆಲ್ಲ ತಡಕಾಡುತ್ತದೆ. ತುಣುಕಿಗೆ ಅಕ್ಷರಕ್ಕೆ ಅಕ್ಷರ ಹೊಂದುವ ಆರ್‌ಎನ್‌ಎ ಸಿಕ್ಕರೆ ಅದನ್ನು ಕತ್ತರಿಸುತ್ತದೆ, ಹೊಂದದ್ದನ್ನು ಅದರ ಪಾಡಿಗೆ ಬಿಡುತ್ತದೆ. ಗಿಡಗಳಲ್ಲಿ ಈ ಸುದ್ದಿ ಪಕ್ಕದ ಕೋಶಗಳಿಗೂ ಮೇಲಿನ ಎಲೆಗಳಿಗೂ ಹಬ್ಬುತ್ತದೆ. 1928ರಲ್ಲೇ ಅಮೆರಿಕದ ವಿಜ್ಞಾನಿ ವಿಂಗಾರ್ಡ್, ಉಂಗುರ ಚುಕ್ಕೆ ಬಿದ್ದ ತಂಬಾಕು ಗಿಡದಲ್ಲಿ ಆಮೇಲೆ ಬಂದ ಮೇಲಿನ ಎಲೆಗಳು ಚೊಕ್ಕಟವಾಗಿರುವುದನ್ನು ಕಂಡು ಬರೆದಿಟ್ಟಿದ್ದರು. ಅದರ ಕಾರಣ ತಿಳಿಯಲು ಏಳು ದಶಕ ಬೇಕಾಯಿತು.

ಗುಟ್ಟಿನ ಬಾಗಿಲು ತೆರೆದದ್ದು ಒಂದು ಹೂವು. 1990ರಲ್ಲಿ ರಿಚರ್ಡ್ ಜಾರ್ಗೆನ್ಸನ್ ಮತ್ತು ಸಂಗಡಿಗರು ಪೆಟೂನಿಯಾದ ನೇರಳೆ ಬಣ್ಣ ಇನ್ನಷ್ಟು ಗಾಢವಾಗಲೆಂದು ಬಣ್ಣ ತಯಾರಿಸುವ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಎಷ್ಟೋ ಗಿಡಗಳಲ್ಲಿ ಅರಳಿದ್ದು ಬಿಳಿ ಹೂವು, ಇಲ್ಲವೆ ಬಿಳಿ ಪಟ್ಟೆಯ ಹೂವು. ಹೊರಗಿನಿಂದ ಬಂದ ಜೀನಿನ ಜೊತೆಗೆ ತನ್ನದೇ ಜೀನನ್ನೂ ಗಿಡ ಸುಮ್ಮನಾಗಿಸಿತ್ತು. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಒಂದು ಮಿಲಿಮೀಟರಿನಷ್ಟೇ ಉದ್ದದ ಹುಳುವಿನಲ್ಲಿ, ಹೀಗೆ ಬಾಯಿ ಕಟ್ಟಿಸುವುದು ಜೋಡಿ ಎಳೆಯ ಆರ್‌ಎನ್‌ಎ ಎಂದು ತೋರಿಸಿದರು. ಎಂಟೇ ವರ್ಷಕ್ಕೆ, 2006ರಲ್ಲಿ, ಅವರಿಗೆ ನೊಬೆಲ್ ಬಂತು. ಅದೇ ಹುಳುವಿನಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ 1993ರಲ್ಲೇ ಮೈಕ್ರೋ ಆರ್‌ಎನ್‌ಎ ಎಂಬ ಕಿರುತುಣುಕನ್ನು ಕಂಡಿದ್ದರು. ವೈರಸ್ ಇರಲಿ ಬಿಡಲಿ, ಕೋಶ ತನ್ನ ದಿನನಿತ್ಯದ ಜೀನುಗಳನ್ನೂ ಹೊತ್ತುಹೊತ್ತಿಗೆ ತಡೆದು ನಡೆಸುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಅವರ ನೊಬೆಲ್ ಬಂದದ್ದು 2024ರಲ್ಲಿ. ಭದ್ರಾ ನಾಲೆಯ ಗದ್ದೆಗಳಲ್ಲಿ ತೆನೆದೂಗುವ ಭತ್ತದಲ್ಲೂ ಇಂಥ ಕಿರು ಆರ್‌ಎನ್‌ಎಗಳಿವೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ ಅವುಗಳ ಬೆನ್ನು ಹತ್ತಿದೆ.

ವೈರಸ್ಸೂ ಸುಮ್ಮನೆ ಕೂರುವುದಿಲ್ಲ. ಪಪ್ಪಾಯದ ಈ ವೈರಸ್ಸಿನ ಕುಲ ತನ್ನ ಜೊತೆಗೇ ಒಂದು ಪ್ರೋಟೀನನ್ನು ತಂದು, ಆ ಕಿರುತುಣುಕುಗಳು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಎಲೆಯ ಹಳದಿ ಮತ್ತು ಹಸಿರು ಈ ಹಗ್ಗಜಗ್ಗಾಟದ ಗಡಿರೇಖೆ. ಹವಾಯಿಯಲ್ಲಿ ವೈರಸ್ಸಿನದೇ ಒಂದು ಜೀನನ್ನು ಪಪ್ಪಾಯಕ್ಕೆ ಸೇರಿಸಿ, ಗಿಡ ಶತ್ರುವಿನ ಗುರುತನ್ನು ಮೊದಲೇ ಹಿಡಿಯುವಂತೆ ಮಾಡಿದರು. 1998ರಲ್ಲಿ ಆ ತಳಿ ಅಲ್ಲಿನ ರೈತರ ಕೈಸೇರಿತು. ಅಂಥ ಪಪ್ಪಾಯ ನಮ್ಮಲ್ಲಿ ಬೇಸಾಯಕ್ಕೆ ಬಂದಿಲ್ಲ. ನಮ್ಮ ರೈತರಿಗೆ ಇರುವ ದಾರಿ ಸಸಿಮಡಿಗೆ ಪರದೆ ಕಟ್ಟುವುದು, ತೋಟದ ಸುತ್ತ ಮೆಕ್ಕೆಜೋಳ ಹಾಕುವುದು, ರೋಗ ಬಿದ್ದ ಗಿಡವನ್ನು ಕಿತ್ತೆಸೆಯುವುದು.

ತಡೆಯುವುದೆಂದರೆ ಏನೂ ಮಾಡದಿರುವುದು ಎಂದೇ ನಮ್ಮ ರೂಢಿಯ ಎಣಿಕೆ. ಕೋಶದ ಲೆಕ್ಕದಲ್ಲಿ ಅದು ದುಡಿಮೆ. ಅದಕ್ಕೆ ಕಿಣ್ವ ಬೇಕು, ಶಕ್ತಿ ಬೇಕು, ಎಲ್ಲಕ್ಕಿಂತ ಮೊದಲು ಸರಿಯಾಗಿ ಓದುವುದು ಬೇಕು. ನಾವು ಮನೆಯಲ್ಲಿ, ಬೀದಿಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಮಾಡುವುದು ಇದರ ತಿರುಗುಮುರುಗು. ಪಾಲಿನ ಮಾತುಕತೆಯಲ್ಲಿ ತಮ್ಮ ಒಂದು ಮಾತು ಹೆಚ್ಚು ಆಡಿದನೆಂದು ಅಣ್ಣ ಅವನ ಮನೆಯ ಮೆಟ್ಟಿಲು ಹತ್ತುವುದನ್ನೇ ಬಿಡುತ್ತಾನೆ. ಆಡಬಾರದ್ದು ಒಂದು ವಾಕ್ಯ, ಬಾಯಿ ಮುಚ್ಚಿದ್ದು ಮೂವತ್ತು ವರ್ಷದ ಒಡನಾಟಕ್ಕೆ. ಮದುವೆಯ ಕರೆಯೋಲೆಯಿಂದ ಹೆಸರು ಹೋಗುತ್ತದೆ, ಮಕ್ಕಳು ಒಬ್ಬರನ್ನೊಬ್ಬರು ನೋಡದೆ ಬೆಳೆಯುತ್ತಾರೆ. ಯಾವ ಮಾತಿಗೆ ಜಗಳವಾಯಿತೆಂದು ಹತ್ತು ವರ್ಷದ ಮೇಲೆ ಕೇಳಿದರೆ ಇಬ್ಬರಿಗೂ ನೆನಪಿರುವುದಿಲ್ಲ.

ಹಾಗೆಂದು ಎಲ್ಲ ಮಾತನ್ನೂ ಸಹಿಸಿಕೊಳ್ಳಬೇಕೆಂದಲ್ಲ. ಸಹಿಸಿಕೊಂಡ ಗಿಡದ ಸುಳಿ ಏನಾಗುತ್ತದೆಂಬುದು ಕಣ್ಣೆದುರೇ ಇದೆ. ತಡೆಯಲೇಬೇಕಾದ್ದನ್ನು ತಡೆಯೋಣ, ಆದರೆ ಹೊಂದಿದ್ದನ್ನು ಮಾತ್ರ. ಇವತ್ತು ಯಾರ ಮೇಲಾದರೂ ಸಿಟ್ಟು ಬಂದರೆ, ಅವರು ಹೇಳಿದ್ದರಲ್ಲಿ ಯಾವ ಮಾತು ಬೇಡ ಎಂಬುದು ಮೊದಲು ನಮಗೇ ಸ್ಪಷ್ಟವಾಗಲಿ. ಅಷ್ಟನ್ನು ಹೆಸರಿಟ್ಟು ಹೇಳೋಣ: "ಈ ಮಾತು ಬೇಡ, ನೀನು ಬೇಕು."