ತುಳಸಿಯ ಕುಂಡ ಎತ್ತುವ ಮುನ್ನ

ತಾಯಿ ತುಳಸಿ,

ಇವತ್ತು ಸೆಪ್ಟೆಂಬರಿನ ಕೊನೆಯ ಶನಿವಾರ. ಇನ್ನು ಸ್ವಲ್ಪ ಹೊತ್ತಿಗೆ ನಿನ್ನ ಕುಂಡವನ್ನು ಉತ್ತರದ ಕಾರಿಡಾರಿನಿಂದ ಎತ್ತಿ ದಕ್ಷಿಣದ ಅಡುಗೆಮನೆ ಕಿಟಕಿಗೆ ಒಯ್ಯುತ್ತೇನೆ. ಅದಕ್ಕೆ ಮೊದಲು ಎರಡು ಮಾತು ಹೇಳಿಕೊಳ್ಳುವುದಿದೆ. ಹನ್ನೊಂದು ವರ್ಷದಿಂದ ನಿನ್ನೆದುರು ನಿಂತಾಗಲೆಲ್ಲ ಗಂಟಲವರೆಗೆ ಬಂದು ಅಲ್ಲೇ ಉಳಿದುಹೋದ ಮಾತು.

ನಾನು ಸಂಕಲ್ಪದಲ್ಲೇ ತಡವರಿಸುವವಳು, ನಿನಗೆ ಗೊತ್ತು. ತೀರ್ಥಹಳ್ಳಿಯ ಆಚೆ ನಮ್ಮ ಮನೆಯಂಗಳದಲ್ಲಿ, ಉತ್ಥಾನ ದ್ವಾದಶಿಯ ಸಂಜೆ, ಅಪ್ಪಯ್ಯ ತುಳಸಿಕಟ್ಟೆಯ ಮುಂದೆ ಮಣೆ ಹಾಕಿ ಕೂತು ಹೇಳುತ್ತಿದ್ದ ಸಂಕಲ್ಪ ಕೇಳಿ ಕೇಳಿಯೇ ನನ್ನ ಬಾಯಿಗೆ ಬಂದದ್ದು. ಏನು ಬೇಡುವುದಿದ್ದರೂ ಬೇಡುವವರು ಮೊದಲು ತಾವು ಎಲ್ಲಿದ್ದೇವೆ, ಯಾವ ಹೊತ್ತಿನಲ್ಲಿದ್ದೇವೆ ಎಂದು ತಿಳಿಸಬೇಕು. ಯಾವ ದ್ವೀಪ, ಯಾವ ಖಂಡ, ಗೋದಾವರಿಯ ಯಾವ ದಡ. ಆಮೇಲೆ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ. ತುಂಗೆಯ ನೀರು ಕುಡಿದು ಬೆಳೆದ ನಾವು ಗೋದಾವರಿಯನ್ನು ಕಂಡವರಲ್ಲ. ಆದರೂ ಅದರ ದಕ್ಷಿಣ ತೀರದವರು ಎಂದು ಹೇಳಿಕೊಳ್ಳುವಾಗ ಯಾವ ಅನುಮಾನವೂ ಇರಲಿಲ್ಲ.

ಸಿಂಗಾಪುರಕ್ಕೆ ಬಂದ ವರ್ಷದ ಕಾರ್ತಿಕದಲ್ಲಿ ಇದೇ ಕಾರಿಡಾರಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿನ್ನನ್ನಿಟ್ಟು ಕೈಯಲ್ಲಿ ಅಕ್ಷತೆ ಹಿಡಿದೆ. ಖಂಡದ ಹೆಸರಿನ ಹತ್ತಿರ ನಾಲಿಗೆ ನಿಂತಿತು. ಇದು ಭರತಖಂಡವಲ್ಲ. ಗೋದಾವರಿ ಎಲ್ಲಿ, ಸಮಭಾಜಕ ವೃತ್ತಕ್ಕೆ ಬರೀ 140 ಕಿಲೋಮೀಟರ್ ದೂರದ ಈ ದ್ವೀಪ ಎಲ್ಲಿ? ಹೇಗೋ ದಾಟಿಕೊಂಡು ಮುಂದೆ ಹೋದರೆ ಋತುವಿನ ಹತ್ತಿರ ಮತ್ತೆ ನಿಂತೆ. ಶರದೃತು ಅನ್ನಬೇಕು. ಹೊರಗೆ ಮಳೆ ಹೊಯ್ಯುತ್ತಿತ್ತು. ಅದರ ಹಿಂದಿನ ದಿನವೂ ಹೊಯ್ದಿತ್ತು, ಜೂನಿನಲ್ಲೂ ಹೊಯ್ದಿತ್ತು. ಊರಿನ ಮಾತನ್ನೇ ಒಪ್ಪಿಸಿ ಮುಗಿಸಿದೆ. ನಿನ್ನೆದುರು ಸುಳ್ಳು ಹೇಳಿದೆ ಎಂಬ ಕಸಿವಿಸಿಯಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಭಾಗವನ್ನೇ ಬಿಟ್ಟು, 'ದೇಶಕಾಲ ನಿನಗೇ ಗೊತ್ತಲ್ಲ ತಾಯಿ' ಅಂದುಬಿಡುತ್ತಿದ್ದೆ. ಅದನ್ನೂ ಕ್ಷಮಿಸು. ನಿನಗೆ ಗೊತ್ತಿತ್ತು, ಗೊತ್ತಿಲ್ಲದವಳು ನಾನು.

ಇಲ್ಲಿ ಕಾಲ ಕಣ್ಣಿಗೆ ಬೀಳುವುದೇ ಕಷ್ಟ. ಊರಿನಲ್ಲಿ ಬೇಸಿಗೆಯ ಹಗಲಿಗೂ ಚಳಿಯ ಹಗಲಿಗೂ ಒಂದೂವರೆ ಗಂಟೆಗೂ ಹೆಚ್ಚು ಅಂತರ. ಇಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಹತ್ತು ನಿಮಿಷದ ವ್ಯತ್ಯಾಸವಿಲ್ಲ. ಬೆಳಗಾಗುವುದು ಏಳರ ಹೊತ್ತಿಗೆ. 1982ರ ಜನವರಿ ಒಂದರಂದು ಈ ದೇಶದ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಿರುಗಿಸಿದರಂತೆ. ಹಾಗಾಗಿ ನನ್ನ ಮಗಳು ಕತ್ತಲಲ್ಲೇ ಶಾಲೆಯ ಬಸ್ಸು ಹತ್ತುತ್ತಾಳೆ. ಅವಳು ಹತ್ತಿದ ಮೇಲೆ ಬೆಳಕು ಬರುತ್ತದೆ. ಕೋಗಿಲೆ ಕೂಗಿತು, ವಸಂತ ಬಂತು ಅನ್ನುವ ಹಾಗೂ ಇಲ್ಲ. ಅದು ವರ್ಷದ ಬಹುಪಾಲು ನಸುಕಿನಲ್ಲೇ ಕೂಗಿ ನಿದ್ದೆಗೆಡಿಸುತ್ತದೆ. ಮೊದಲ ಎರಡು ವರ್ಷ ನಾನು ಅಳುತ್ತಿದ್ದುದು ಊರು ನೆನಪಾಗಿ ಎಂದು ಮನೆಯವರು ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಈಗ ಯೋಚಿಸಿದರೆ, ಒಂದು ದಿನದಿಂದ ಇನ್ನೊಂದನ್ನು ಬೇರೆ ಮಾಡಿ ನೋಡಲಾಗದೆ ಅಳುತ್ತಿದ್ದೆ. ಮೊದಲ ಮಳೆಗೆ ಕಾದು, ಅದು ಬಂದಾಗ ಅಂಗಳಕ್ಕೆ ಓಡಿದವಳಿಗೆ ಕಾಯುವುದೇ ಇಲ್ಲದ ಮಳೆಯಲ್ಲಿ ಏನು ಮಾಡಬೇಕೆಂದು ತಿಳಿಯಲಿಲ್ಲ.

ನೀನಾದರೋ ಇಲ್ಲೇ ಹುಟ್ಟಿದವಳು. ಲಿಟ್ಲ್ ಇಂಡಿಯಾದ ಬಫೆಲೋ ರೋಡಿನಲ್ಲಿ, ಮಲ್ಲಿಗೆ ಮಾಲೆ ಕಟ್ಟುವವರ ಅಂಗಡಿಯ ಮುಂದೆ, ಗೇಣುದ್ದದ ಗಿಡವಾಗಿ ಪ್ಲಾಸ್ಟಿಕ್ ಚೀಲದಲ್ಲಿ ನಿಂತಿದ್ದೆ. ಊರಿನ ಮಣ್ಣು ನಿನಗೆ ಗೊತ್ತೇ ಇಲ್ಲ. ಅಂಥ ನೀನು ಎರಡನೆಯ ನವೆಂಬರಿನಲ್ಲಿ ಹಳದಿ ತಿರುಗಿ ಎಲೆ ಉದುರಿಸಿದಾಗ ನಾನು ನಡುಗಿಹೋದೆ. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ಕಮ್ಮಿ ಮಾಡಿದೆ. ನನ್ನ ಸುಳ್ಳಿನ ಸಂಕಲ್ಪಕ್ಕೇ ನೀನು ಮುನಿದಿದ್ದೀ ಅಂದುಕೊಂಡೆ.

ಆಗ ಪಕ್ಕದ ಮನೆಯ ಚೀನೀ ಅಂಕಲ್ ಬಂದರು. ಕಾರಿಡಾರಿನಲ್ಲಿದ್ದ ತಮ್ಮ ಸಣ್ಣ ನಿಂಬೆಯ ಕುಂಡಗಳನ್ನು ಒಂದೊಂದಾಗಿ ಒಳಗೆ ಸಾಗಿಸುತ್ತಿದ್ದವರು, ನಿನ್ನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಎಲೆ ಮುಟ್ಟಿ ನೋಡಿದರು. ಆಮೇಲೆ ಕೈಯನ್ನು ನೆತ್ತಿಯ ಮೇಲಿಂದ ಕಟ್ಟಡದ ಆ ಬದಿಗೆ ತೂಗಿ ತೋರಿಸಿ, "ಸನ್ ಮೂವ್ ಹೌಸ್ ಆಲ್ರೆಡಿ" ಅಂದರು. ಸೂರ್ಯ ಮನೆ ಬದಲಾಯಿಸಿ ಆಯಿತು!

ಅವತ್ತೇ ನಿನ್ನನ್ನು ಎತ್ತಿ ದಕ್ಷಿಣದ ಕಿಟಕಿಗೆ ಒಯ್ದೆ. ಹದಿನೈದು ದಿನಕ್ಕೆ ಕುಡಿ ಒಡೆದೆ. ಆ ಮೇಲೆ ನಾನು ನೋಡುವುದನ್ನು ಕಲಿತೆ. ಉತ್ತರಾಯಣ ಎಂದರೆ ಸೂರ್ಯ ಉತ್ತರದಲ್ಲಿದ್ದಾನೆ ಎಂದಲ್ಲ, ಉತ್ತರಕ್ಕೆ ಹೊರಟಿದ್ದಾನೆ ಎಂದು. ಸಂಕ್ರಾಂತಿಯ ಹೊತ್ತಿಗೆ ದಕ್ಷಿಣದ ಕಿಟಕಿಯಲ್ಲಿರುವ ಬಿಸಿಲು ದಿನದಿನಕ್ಕೂ ಹಿಂದೆ ಸರಿಯುತ್ತದೆ. ಮಾರ್ಚ್ ಕೊನೆಯಲ್ಲಿ ಅವನು ನೆತ್ತಿಗೆ ಬರುತ್ತಾನೆ. ಅಂದು ಮಟಮಟ ಮಧ್ಯಾಹ್ನ ಕೆಳಗಿನ ಮೈದಾನದ ಕಂಬಕ್ಕೆ ನೆರಳೇ ಇರುವುದಿಲ್ಲ. ಅಲ್ಲಿಂದ ಕಾರಿಡಾರಿನ ಕಡೆ ಇಳಿದು, ಜೂನಿನಲ್ಲಿ ನಿನ್ನ ಬುಡದ ಮಣ್ಣನ್ನೂ ಮುಟ್ಟಿ, ಮತ್ತೆ ತಿರುಗುತ್ತಾನೆ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ನೆತ್ತಿ ದಾಟುತ್ತಾನೆ. ಊರಿನಲ್ಲಿ ಅಯನ ಎನ್ನುವುದು ಮೊಳೆಗೆ ತೂಗುಹಾಕಿದ ಪಂಚಾಂಗದಲ್ಲಿತ್ತು. ಇಲ್ಲಿ ಅದು ನಿನ್ನ ಎಲೆಯ ಮೇಲಿದೆ. ಕಾಲವಿಲ್ಲದ ದೇಶ ಎಂದು ಇದನ್ನು ದೂರಿದೆನಲ್ಲ, ಆ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೆರಡು ಸಲ ನಿನ್ನನ್ನು ಎತ್ತಿಡುವ ಈ ಕೆಲಸ ನನಗೆ ಸಿಕ್ಕಿತಲ್ಲ, ಅದಕ್ಕೆ ಕೈಮುಗಿಯುತ್ತೇನೆ.

ಇನ್ನೊಂದು ತಪ್ಪಿದೆ. ಅದನ್ನು ಹೇಳಲು ಈಗಲೂ ಕೈ ನಡುಗುತ್ತದೆ.

ನಿನ್ನ ಕುಂಡದ ಕೆಳಗಿನ ತಟ್ಟೆ. ಮಗಳಿಗೆ ಆರು ವರ್ಷವಿದ್ದಾಗ, ಶಾಲೆಯ ರಜೆ, ನೆಂಟರು, ಅಡುಗೆ ಎಂದು ಒಂದು ವಾರ ಆ ತಟ್ಟೆಯ ನೀರು ಚೆಲ್ಲಲಿಲ್ಲ. ಡೆಂಗ್ಯೂ ಸೊಳ್ಳೆಗೆ ಕೊಳಚೆ ಬೇಡ, ಅಂಗೈಯಗಲದ ತಿಳಿನೀರು ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ ಸಾಕು. ತಪಾಸಣೆಗೆ ಬಂದ ಸಿಬ್ಬಂದಿ ತಟ್ಟೆಗೆ ಟಾರ್ಚು ಬಿಟ್ಟಾಗ ಕೂದಲೆಳೆಯಂಥ ಮರಿಗಳು ಬಾಗಿ ಬಳುಕುತ್ತಿದ್ದವು. ನಾನು ದಿನವೂ ಪ್ರದಕ್ಷಿಣೆ ಬರುವ ಜಾಗ ಅದು. ಹತ್ತೇ ದಿನದಲ್ಲಿ ಮಗಳಿಗೆ ಜ್ವರ ಬಂತು. ಕಚ್ಚಿದ್ದು ಆ ತಟ್ಟೆಯ ಸೊಳ್ಳೆಯೋ ಬೇರೆ ಎಲ್ಲಿಯದೋ, ನಿನಗೊಬ್ಬಳಿಗೇ ಗೊತ್ತು. ಐದನೆಯ ದಿನ ಜ್ವರ ಇಳಿಯಿತು. ಗೆದ್ದೆವು ಅಂದುಕೊಂಡರೆ, ಈಗಲೇ ಹೆಚ್ಚು ಎಚ್ಚರ ಬೇಕು ಎಂದರು ಡಾಕ್ಟರು. ಪ್ಲೇಟ್‌ಲೆಟ್ ಕುಸಿಯುವುದು, ರಕ್ತನಾಳದಿಂದ ನೀರಂಶ ಜಿನುಗುವುದು ಜ್ವರ ಬಿಡುವ ಹೊತ್ತಿಗೇ. ದಿನಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಸಂಖ್ಯೆಗಾಗಿ ಕಾದ ಮೂರು ದಿನ ನಾನು ನಿನಗೆ ದೀಪ ಹಚ್ಚಲಿಲ್ಲ. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ಆ ಮೂರು ದಿನವೂ ನಿನ್ನ ಮುಂದೆ ಹಾದು ನಮ್ಮ ಬಾಗಿಲಿಗೆ ಬಂದದ್ದು ಎದುರು ಮನೆಯ ಮಲಯ್ ಹೆಂಗಸು. ಇಲ್ಲಿ ಎಲ್ಲರೂ ಕರೆಯುವಂತೆ ನಾವೂ ಅವರನ್ನು ಮಕ್ಚಿಕ್ ಅನ್ನುತ್ತೇವೆ, ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ಕೈಯಲ್ಲಿ 100 ಪ್ಲಸ್ ಡಬ್ಬಿಗಳು, ಬಟ್ಟೆ ಸುತ್ತಿದ ಪಾತ್ರೆಯಲ್ಲಿ ಅಕ್ಕಿಗಂಜಿ. ಪಾತ್ರೆಯ ತಳಕ್ಕೆ ಅಂಗಡಿಯ ಬೆಲೆಚೀಟಿ ಇನ್ನೂ ಅಂಟಿತ್ತು. "ಇದು ಹೊಸದು, ಇದರಲ್ಲಿ ಮಾಂಸ ಬೇಯಿಸಿಲ್ಲ" ಅಂದರು. ಅದು ರಂಜಾನ್ ತಿಂಗಳು. ಅವರು ಹನಿ ನೀರೂ ಮುಟ್ಟಿರಲಿಲ್ಲ. ಉಪವಾಸಕ್ಕೆ ಅವರ ಭಾಷೆಯಲ್ಲಿ ಪುವಾಸ ಅನ್ನುತ್ತಾರೆ. ನಮ್ಮದೇ ಮಾತು ಸಮುದ್ರ ದಾಟಿ ಬಂದು ಸವೆದು ನಿಂತ ರೂಪ ಅದು. 1989ರಿಂದ ಇಲ್ಲಿನ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಯಾವ ಜನಾಂಗದವರು ಎಷ್ಟು ಮನೆಗಳಲ್ಲಿರಬಹುದು ಎಂಬ ಮಿತಿಯಿದೆ. ಮಕ್ಚಿಕ್, ಅಂಕಲ್, ನಾನು ಒಂದೇ ಕಾರಿಡಾರಿಗೆ ಬಂದದ್ದರಲ್ಲಿ ಆ ಕಾನೂನಿನ ಕೈಯಿದೆ. ಆದರೆ ಹೊಸ ಪಾತ್ರೆ ಕೊಳ್ಳಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆ ತಾಯಿಯನ್ನು ನೂರು ಕಾಲ ಚೆನ್ನಾಗಿಡು. ಅವರ ಮಂಡಿನೋವು ಕಮ್ಮಿ ಮಾಡು.

ಅಂಕಲ್‌ಗೂ ಏನಾದರೂ ಕೇಳಬೇಕು. ಅವರ ಬಾಗಿಲ ಬಳಿ, ನೆಲಕ್ಕೆ ತಾಗಿದ ಹಾಗೆ, ಕೆಂಪು ಬಣ್ಣದ ಪುಟ್ಟ ಗೂಡಿದೆ. ಅದು ಈ ನೆಲದ ದೇವರು. ಮನೆ ಯಾರದ್ದಾದರೂ ಜಾಗ ಅವನದು ಅನ್ನುತ್ತಾರೆ. ನಮ್ಮ ಕಡೆಯ ಕ್ಷೇತ್ರಪಾಲನ ಹಾಗೆ. ನಾವಿರುವ ಈ ಬಿಶಾನ್, 1980ರ ದಶಕದವರೆಗೆ ಕ್ಯಾಂಟನೀಸ್ ಜನರ ದೊಡ್ಡ ಸ್ಮಶಾನವಾಗಿತ್ತು, 1870ರಷ್ಟು ಹಳೆಯದು. ಗೋರಿಗಳನ್ನು ಅಗೆದು ತೆಗೆದು ಊರು ಕಟ್ಟಿದರು. ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ, ಹೆಚ್ಚುಕಡಿಮೆ ನಮ್ಮ ಪಿತೃಪಕ್ಷದ ಆಸುಪಾಸಿನಲ್ಲಿ, ಅಂಕಲ್ ಕೆಳಗಿನ ಹುಲ್ಲಿನ ಅಂಚಿನಲ್ಲಿ ಅನ್ನ, ಕಿತ್ತಳೆಹಣ್ಣು ಇಟ್ಟು ಕಾಗದ ಸುಡುತ್ತಾರೆ. ತಮ್ಮವರಿಗೆ ಮಾತ್ರವಲ್ಲ, ಕೇಳುವವರಿಲ್ಲದವರಿಗೂ. ಅದನ್ನು ನೋಡಿದ ಮೇಲೆ ನನ್ನ ಮಹಾಲಯದ ಎಡೆಯಲ್ಲಿ ಒಂದು ತುತ್ತು ಈ ನೆಲದಲ್ಲಿ ಮಲಗಿದ್ದವರಿಗೆಂದು ತೆಗೆದಿಡುತ್ತೇನೆ. ಅವರ ಮೇಲೆ ಮನೆ ಮಾಡಿಕೊಂಡಿದ್ದೇವೆ. ಕೇಳದೆ ಮಾಡಿಕೊಂಡಿದ್ದೇವೆ.

ಬೆಳಗ್ಗೆ ನಿನಗೆ ನೀರೆರೆಯುವ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಲಾರಿಗಳು ಹೋಗುತ್ತವೆ. ಹಿಂಬದಿಯಲ್ಲಿ ಹುಡುಗರು ಮೊಣಕಾಲು ಕಟ್ಟಿಕೊಂಡು ಕೂತಿರುತ್ತಾರೆ. ತಮಿಳುನಾಡಿನವರು, ಬಾಂಗ್ಲಾದೇಶದವರು. ನಾನೂ ಪರವಾನಗಿ ಹಿಡಿದು ಬಂದವಳು, ಅವರೂ ಪರವಾನಗಿ ಹಿಡಿದು ಬಂದವರು. ನನ್ನದರಲ್ಲಿ ಮಗಳನ್ನು ಕರೆದುಕೊಂಡು ಬರಬಹುದಿತ್ತು. ಅವರದರಲ್ಲಿ ಹೆಂಡತಿ ಮಕ್ಕಳನ್ನು ಕರೆತರುವ ಹಾಗಿಲ್ಲ. ನಾನು ನಿಂತ ಕಟ್ಟಡ ಅಂಥವರ ಕೈ ಕಟ್ಟಿದ್ದು. ಬಿಸಿಲು, ಸಿಡಿಲು, ಎತ್ತರ, ಸಾಲ, ಎಲ್ಲದರಿಂದ ಅವರನ್ನು ಕಾಯಿ. ರಾತ್ರಿ ಫೋನಿನಲ್ಲಿ ಮಗುವಿನ ಮುಖ ಕಾಣುವಾಗ ಸಿಗ್ನಲ್ ಹೋಗದಿರಲಿ. ಇದನ್ನು ನಾನು ಬೇಡುವುದೊಂದೇ ಸಾಲದು ಎಂದೂ ಗೊತ್ತಿದೆ.

ಕಾರ್ತಿಕಕ್ಕೆ ನಿನ್ನ ಮದುವೆ. ನೆಲ್ಲಿಯ ಕೊಂಬೆ ಬೇಕಲ್ಲ ಎಂದು ಮೊದಲೆಲ್ಲ ಕೊರಗುತ್ತಿದ್ದೆ. ಆಮೇಲೆ ತಿಳಿಯಿತು, ಈ ಕಡೆ ನೆಲ್ಲಿಮರಕ್ಕೆ ಮಲಾಕ ಅನ್ನುತ್ತಾರೆ. ಆರುನೂರು ವರ್ಷದ ಹಿಂದೆ ಇದೇ ದ್ವೀಪದಿಂದ ಓಡಿಹೋದ ಪರಮೇಶ್ವರನೆಂಬ ಅರಸ ಆ ಮರಕ್ಕೆ ಒರಗಿ ಕೂತಿದ್ದಾಗ ತನ್ನ ಹೊಸ ಊರಿಗೆ ಅದರ ಹೆಸರಿಟ್ಟ ಎಂಬ ಕಥೆಯಿದೆ. ಮಲಾಕ್ಕಾ ಪಟ್ಟಣ ಅದು. ಕಿವಿಗೊಟ್ಟು ಕೇಳಿದರೆ ಆಮಲಕ ಅಂದ ಹಾಗೇ ಇದೆ. ನಿನ್ನ ವರ ನನಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು ನೆಲೆಯಾಗಿದ್ದಾನೆ.

ಈಗ ಸಂಕಲ್ಪದ ಮಾತು. ಈ ಕಾರಿಡಾರಿನ ಕಂಬಿಗೆ ಬಗ್ಗಿದರೆ ಕೆಳಗೆ ಪಾರ್ಕಿನಲ್ಲಿ ಹೊಳೆ ಕಾಣುತ್ತದೆ. ಕಲ್ಲಾಂಗ್ ನದಿ. ಹತ್ತು ಕಿಲೋಮೀಟರ್ ಉದ್ದ, ಈ ದೇಶಕ್ಕೆ ಅದೇ ಅತಿ ದೊಡ್ಡದು. ಬಹಳ ಕಾಲ ಕಾಂಕ್ರೀಟ್ ಕಾಲುವೆಯೊಳಗೆ ನೆಟ್ಟಗೆ ಹರಿಯುತ್ತಿತ್ತಂತೆ. ಕಾಂಕ್ರೀಟು ಒಡೆದು ತೆಗೆದು, ಮಣ್ಣು, ಕಲ್ಲು, ಗಿಡ ಕೊಟ್ಟು, 2012ರಲ್ಲಿ ಅದನ್ನು ಮತ್ತೆ ಹೊಳೆಯಾಗಿ ಹರಿಯಬಿಟ್ಟರು. ಈಗ ಅಲ್ಲಿ ನೀರುನಾಯಿಗಳು ಮರಿಗಳ ಜೊತೆ ಈಜುತ್ತವೆ. ಮಳೆ ಬಂದಾಗ ಹೊಳೆ ಹುಲ್ಲುಗಾವಲಿನ ಮೇಲೆ ಹರಡುತ್ತದೆ, ಮಳೆ ನಿಂತಾಗ ಮತ್ತೆ ಸಣ್ಣದಾಗುತ್ತದೆ. ಎಷ್ಟು ಸಲ ನೋಡಿದ್ದೆ! ಕಳೆದ ವಾರ ನಿನಗೆ ಆರತಿ ಎತ್ತುವಾಗ ಹೊಳೆದದ್ದು: ಹೊಳೆ ನಮ್ಮ ಉತ್ತರಕ್ಕಿದೆ. ನಾವಿರುವುದು ಅದರ ದಕ್ಷಿಣ ತೀರ. ಅಪ್ಪಯ್ಯ ಹೇಳುತ್ತಿದ್ದ ಮಾತಿನಲ್ಲಿ ನದಿಯ ಹೆಸರೊಂದನ್ನು ಬದಲಾಯಿಸಿದರೆ ಸಾಕು. ಊರಿನ ಹೆಸರಂತೂ ಸಂಸ್ಕೃತದಲ್ಲೇ ಇದೆ.

ನಿನ್ನೆ ಫೋನಿನಲ್ಲಿ ಅಪ್ಪಯ್ಯನಿಗೆ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆ ಕಡೆ ಹೆಂಚಿನ ಮೇಲೆ ಮಳೆ ಬೀಳುವುದು ಕೇಳುತ್ತಿತ್ತು. "ಹೊಳೆಯಲ್ಲಿ ನೀರು ಇತ್ತಾ ಮಗಾ?" ಅಂದರು. ಇದೆ ಅಂದೆ.

ತಟ್ಟೆಯ ನೀರು ಚೆಲ್ಲಿ ಒರೆಸಿದ್ದೇನೆ. ಮಗಳು ಅಲ್ಲಿ ಕಿಟಕಿಯ ಕಟ್ಟೆ ತೊಳೆದು ರಂಗೋಲಿ ಎಳೆದಿದ್ದಾಳೆ. ಬಿಸಿಲು ಆಗಲೇ ಬಂದು ಕೂತಿದೆ. ಏಳು ತಾಯಿ, ಆ ಬದಿಗೆ ಹೋಗೋಣ.